ಅಲ್ಪದ್ರವ್ಯದಲ್ಲಿ ಪುಸ್ತಕಭಂಡಾರದ ಮನೆ

ಕಲಬುರಗಿ ಜಿಲ್ಲೆಯ ಚಿತ್ತಾಪುರಕ್ಕೆ ಸಮೀಪದಲ್ಲಿ ನಾಗಾವಿ ಎಂಬ ಹಳೆಯ ಊರಿದೆ. ಅಲ್ಲಿ ದೊರೆತ ಕ್ರಿ. ಶ. ೧೦೫೮ರ ಶಾಸನವೊಂದು ಚಾಲುಕ್ಯ ತ್ರೈಲೋಕ್ಯಮಲ್ಲನ ದಂಡನಾಯಕನಾದ ಮಧುಸೂದನನು ಘಟಿಕಾಸ್ಥಾನವೊಂದಕ್ಕೆ ಬಿಟ್ಟ ದತ್ತಿಯ ವಿವರವನ್ನು ಹೇಳುತ್ತದೆ. ವೇದವನ್ನೋದುವವರು ೨೦೦ ಮಂದಿ, ಶಾಸ್ತ್ರವನ್ನೋದುವವರು ೫೨ ಮಂದಿ, ಇವರಿಗೆಂದು ಉಪಾಧ್ಯಾಯರು, ಇವರೊಡನೆ ಆರು ಮಂದಿ ಸರಸ್ವತೀಭಂಡಾರಿಗರು. ಭಂಡಾರಿಗರೆಂದರೆ ಗ್ರಂಥಗಳನ್ನು ಕಾಯುವವರು, ಕೇಳಿದವರಿಗೆ ತೆಗೆದುಕೊಡುವವರು. ಲೆಕ್ಕ ಹಾಕಿದರೆ ೪೨ ಮಂದಿ ವಿದ್ಯಾರ್ಥಿಗಳಿಗೆ ಒಬ್ಬ ಭಂಡಾರಿಗನಾಗುತ್ತಾನೆ. ಇಂದಿನ ಯಾವ ತಾಲ್ಲೂಕು ಕೇಂದ್ರದ ವಾಚನಾಲಯವೂ ಈ ಲೆಕ್ಕದ ಮುಂದೆ ತಲೆಯೆತ್ತಲಾರದು.

ಅಷ್ಟು ದೊಡ್ಡ ದತ್ತಿಗಳು ಎಲ್ಲ ಸೀಮೆಗೂ ಎಲ್ಲ ಕಾಲಕ್ಕೂ ಒದಗುವಂಥವಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸೀಮೆ ಕೆರೆಗಳನ್ನು ನಂಬಿದ ಸೀಮೆ. ಮಳೆ ಬಂದ ವರ್ಷ ಉಂಡು, ಬಾರದ ವರ್ಷ ಸಾಲ ಮಾಡಿದ ಸೀಮೆ. ಇಂತಹ ಕಡೆಗಳಲ್ಲಿ ಗ್ರಂಥಕ್ಕೆಂದೇ ಮನೆ ಕಟ್ಟುವುದು ಅಪರೂಪ. ಓಲೆಯ ಕಟ್ಟುಗಳು ಪಂಡಿತರ ಮನೆಯ ಅಟ್ಟದ ಮೇಲೆಯೋ, ಮರದ ಪೆಟ್ಟಿಗೆಯೊಳಗೋ, ಮಠದ ಒಳಕೋಣೆಯಲ್ಲಿಯೋ ಇರುತ್ತಿದ್ದುವು. ಅಡಿಗೆಯ ಮನೆಯ ಹೊಗೆ ತಗಲುವಂತೆ ಅವನ್ನು ಮೇಲೆ ಕಟ್ಟಿಡುವುದೂ ಉಂಟು. ಹೊಗೆಯಿಂದ ಹುಳುವಿನ ಕಾಟ ಕಡಮೆ. ಬಟ್ಟೆಯ ಗಂಟಿನೊಳಗೆ ಬಜೆಯ ಬೇರು ಇಟ್ಟರೆ ಇನ್ನೂ ಕ್ಷೇಮ. ಈ ಏರ್ಪಾಡು ಅಜ್ಞಾನದ ಫಲವೆಂದು ನಗುವವರಿದ್ದಾರೆ. ವಾಸ್ತವವಾಗಿ ಅದು ಒಂದು ಕಾಸೂ ವೆಚ್ಚವಿಲ್ಲದ ಚೊಕ್ಕ ವ್ಯವಸ್ಥೆಯೇ ಆಗಿತ್ತು. ಏಕೆಂದರೆ ಅಂದಿನ ಗ್ರಂಥವನ್ನು ಓದುವವನು ಒಬ್ಬ, ಕೇಳುವವರು ಮೂವತ್ತು ಮಂದಿ. ವ್ಯಾಸಪೀಠದ ಮೇಲೆ ಗ್ರಂಥವನ್ನಿಟ್ಟು ಒಬ್ಬರು ವಾಚಿಸಿದರೆ ಜಗಲಿ ತುಂಬ ಜನ ಕುಳಿತು ಕೇಳುತ್ತಿದ್ದರು. ಗ್ರಂಥಕ್ಕೆ ಕತ್ತಲೆ, ಕೇಳುವವರಿಗೆ ಜಗಲಿ; ಮನೆಯಲ್ಲಿ ಎರಡೂ ಮೊದಲೇ ಇದ್ದುವು.

ಅಚ್ಚಿನ ಪುಸ್ತಕ ಬಂದು ಈ ಏರ್ಪಾಡನ್ನು ಕೆಡಿಸಿತು. ಈಗ ಓದುವವನು ಒಬ್ಬೊಬ್ಬನೂ ಬೇರೆ; ಒಬ್ಬೊಬ್ಬನಿಗೂ ಕುಳಿತುಕೊಳ್ಳುವ ಸ್ಥಳ ಬೇಕು, ಪುಟದ ಮೇಲೆ ಬೆಳಕು ಬೇಕು, ತನಗೆ ಬೇಕಾದದ್ದನ್ನು ತಾನೇ ಹುಡುಕಿಕೊಳ್ಳುವ ಅನುಕೂಲ ಬೇಕು. ಹಳೆಯ ಮನೆಗಳು ಇದಕ್ಕೆಂದು ಕಟ್ಟಿದವಲ್ಲ. ಚಪ್ಪಡಿಕಲ್ಲಿನ ಮಾಡು, ದಪ್ಪ ಗೋಡೆ, ಕೈಯಗಲದ ಕಿಟಕಿ, ಬೆಳಕೆಲ್ಲ ನಡುತೊಟ್ಟಿಯಿಂದ ಬರತಕ್ಕದ್ದು. ಬೇಸಗೆಗೆ ತಂಪು, ಕಳ್ಳರಿಗೆ ಕಷ್ಟ, ಓದುವ ಕಣ್ಣಿಗಂತೂ ಶತ್ರು.

ಸಂಸ್ಥಾನದಲ್ಲಿ ಸಾರ್ವಜನಿಕ ಪುಸ್ತಕಭಂಡಾರಗಳ ಯೋಚನೆಗೆ ಬಲ ಬಂದುದು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ. ೧೯೧೫ರ ಹೊತ್ತಿಗೆ ಬೆಂಗಳೂರಿನಲ್ಲಿಯೂ ಮೈಸೂರಿನಲ್ಲಿಯೂ ಅಂತಹ ಭಂಡಾರಗಳು ಏರ್ಪಟ್ಟುವು. ಬೆಂಗಳೂರಿನದಕ್ಕೆ ಕಬ್ಬನ್ ಉದ್ಯಾನದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನವೇ ಮನೆಯಾಯಿತು. ಕಂಬಗಳ ಸಾಲಿನ ಆ ಕೆಂಪು ಕಟ್ಟಡವನ್ನು ನೋಡದ ಕೋಲಾರದವರು ಕಡಮೆ. ಅದೇ ಶೇಷಾದ್ರಿ ಅಯ್ಯರ್‌ರವರ ಕಾಲದಲ್ಲಿ ಕೈಗೊಂಡ ಶಿವನಸಮುದ್ರದ ಯೋಜನೆಯಿಂದ ೧೯೦೨ರಲ್ಲಿ ವಿದ್ಯುಚ್ಛಕ್ತಿಯು ಮೊಟ್ಟಮೊದಲು ಬಂದು ಸೇರಿದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೂ ದೀಪ ಬಂದದ್ದು ಮೂರು ವರ್ಷ ತಡವಾಗಿ, ೧೯೦೫ರಲ್ಲಿ. ಗಣಿಯ ಪಾತಾಳಕ್ಕೆ ಬಂದ ಆ ಶಕ್ತಿ ಸುತ್ತಲ ಹಳ್ಳಿಗಳ ಓದುಗನ ಮನೆಯನ್ನು ಮುಟ್ಟಲು ಬಹುಕಾಲ ಹಿಡಿಯಿತು. ಅಲ್ಲಿಯವರೆಗೆ ಹೊಲದಿಂದ ಮರಳಿದ ಮನುಷ್ಯನು ಪುಸ್ತಕ ಹಿಡಿಯಬೇಕಾದರೆ ಲಾಟೀನೇ ಗತಿ. ಹಳ್ಳಿಯ ವಾಚನಾಲಯದ ವೆಚ್ಚದಲ್ಲಿ ಸೀಮೆಯೆಣ್ಣೆಯೂ ಒಂದು ದೊಡ್ಡ ಬಾಬು ಎಂಬುದನ್ನು ಪಟ್ಟಣದ ಯೋಜಕರು ಅನೇಕವೇಳೆ ಮರೆತರು.

ದೊಡ್ಡ ಭವನವನ್ನು ಕಂಡುಬಂದವರು ತಮ್ಮ ಊರಿಗೂ ಅಂತಹುದೇ ಕಂಬ ಕಮಾನು ಬೇಕೆಂದು ಆಶಿಸುವುದು ಸ್ವಾಭಾವಿಕ. ಈ ರೋಗ ಈ ದೇಶದ್ದು ಮಾತ್ರವಲ್ಲ. ಅಮೆರಿಕದ ಧನಿಕ ಆಂಡ್ರ್ಯೂ ಕಾರ್ನೆಗಿ ಲೋಕದ ನಾನಾ ಕಡೆಗಳಲ್ಲಿ ೨,೫೦೦ಕ್ಕೂ ಹೆಚ್ಚು ಪುಸ್ತಕಭಂಡಾರಗಳಿಗೆ ಹಣ ಕೊಟ್ಟನು. ಊರಿನವರು ಆ ಹಣದಲ್ಲಿ ಗೋಪುರಗಳನ್ನೂ ಮಹಾದ್ವಾರಗಳನ್ನೂ ಕಟ್ಟಿಸಿ, ಒಳಗೆ ಪುಸ್ತಕಕ್ಕೆ ಎಡೆಯಿಲ್ಲದಂತೆ ಮಾಡತೊಡಗಿದರು. ಇದರಿಂದ ಬೇಸತ್ತ ಕಾರ್ನೆಗಿಯ ಕಾರ್ಯದರ್ಶಿ ಜೇಮ್ಸ್ ಬರ್ಟ್ರಮ್ ೧೯೧೧ರಲ್ಲಿ ಒಂದು ಚಿಕ್ಕ ಸೂಚನಾಪತ್ರವನ್ನು ಅಚ್ಚು ಹಾಕಿಸಿದನು. ಕಟ್ಟಡ ನೆಟ್ಟಗೆ ಚೌಕವಾಗಿರಲಿ. ಒಳಗೆ ಅಡ್ಡಗೋಡೆಗಳು ಬೇಡ. ಭಂಡಾರಿಯೊಬ್ಬನೇ ಕುಳಿತಲ್ಲಿಂದ ಎಲ್ಲವನ್ನೂ ನೋಡುವಂತಿರಲಿ. ಪಕ್ಕದ ಮತ್ತು ಹಿಂದಿನ ಕಿಟಕಿಗಳನ್ನು ನೆಲದಿಂದ ಸುಮಾರು ಆರು ಅಡಿ ಎತ್ತರದಲ್ಲಿಟ್ಟರೆ ಕೆಳಗೆ ಗೋಡೆಯುದ್ದಕ್ಕೂ ಪುಸ್ತಕದ ಹಲಗೆ ಹಾಕಬಹುದು. ಇದು ಅದರ ಸಾರಾಂಶ. ಇದಕ್ಕಿಂತ ಮುಖ್ಯವಾದ ಷರತ್ತು ಬೇರೊಂದಿತ್ತು. ಕೊಟ್ಟ ಹಣದ ಹತ್ತರಲ್ಲೊಂದು ಪಾಲಿನಷ್ಟನ್ನು ಊರಿನವರು ಪ್ರತಿವರ್ಷವೂ ನಿರ್ವಹಣೆಗೆ ಕೊಡುವುದಾಗಿ ಮಾತು ಕೊಡಬೇಕು. ಇಲ್ಲವಾದರೆ ಕಟ್ಟಡವೂ ಇಲ್ಲ. ಕೋಟ್ಯಧೀಶ್ವರನಿಗೂ ಗೋಡೆಗಿಂತ ವರ್ಷದ ವೆಚ್ಚದ ಮೇಲೆಯೇ ಕಣ್ಣು!

ಭಾರತದಲ್ಲಿ ಬಡೋದೆಯ ಸಯಾಜಿರಾವ್ ಗಾಯಕವಾಡರು ೧೯೧೦ರಲ್ಲಿ ಬೋರ್ಡನ್ ಎಂಬ ಅಮೆರಿಕದ ಪುಸ್ತಕಭಂಡಾರಿಯನ್ನು ಕರೆಸಿ, ಪೆಟ್ಟಿಗೆಗಳಲ್ಲಿ ಪುಸ್ತಕ ತುಂಬಿ ಹಳ್ಳಿಹಳ್ಳಿಗೆ ಕಳುಹಿಸುವ ಕ್ರಮವನ್ನು ನಡೆಸಿದರು. ೧೯೩೧ರಲ್ಲಿ ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ ಎತ್ತಿನಗಾಡಿಯೇ ಪುಸ್ತಕಭಂಡಾರವಾಗಿ ಹೊರಟಿತು. ಮನೆಯೇ ಇಲ್ಲದ ಭಂಡಾರಗಳಿವು. ಆದರೆ ಗಾಡಿ ಬಂದು ಹೋದ ಮೇಲೆ ಹುಡುಗನು ಎಲ್ಲಿ ಕುಳಿತು ಓದಬೇಕು? ಮನೆಯಲ್ಲಿ ಹತ್ತು ಜನರೂ ಒಂದೇ ದೀಪವೂ ಇದ್ದಲ್ಲಿ ಈ ಪ್ರಶ್ನೆ ಸಣ್ಣದಲ್ಲ.

ಈ ಪ್ರಶ್ನೆಯನ್ನು ಅಳತೆಗೋಲು ಹಿಡಿದು ಬಿಡಿಸಿದವರು ಎಸ್. ಆರ್. ರಂಗನಾಥನ್‌ರವರು. ಗಣಿತದ ಅಧ್ಯಾಪಕರಾಗಿದ್ದು ೧೯೨೪ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಪುಸ್ತಕಭಂಡಾರಿಯಾದ ಇವರು ಕಡೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, ೧೯೭೨ರಲ್ಲಿ ಅಲ್ಲಿಯೇ ತೀರಿಕೊಂಡರು. ೧೯೬೦ರಲ್ಲಿ ಪ್ರಕಟವಾದ ಪುಸ್ತಕಭಂಡಾರ ಕಟ್ಟಡಗಳ ಭಾರತೀಯ ಮಾನಕದ ಹಿಂದೆ ಅವರ ಪರಿಶ್ರಮವಿದೆ. ಓದುವವನೊಬ್ಬನಿಗೆ ೨.೩೩ ಚದರ ಮೀಟರು, ಅಂದರೆ ಸುಮಾರು ೨೫ ಚದರ ಅಡಿ ಸ್ಥಳ ಬೇಕೆಂಬುದು ಅದರ ಅಳತೆ.

ಈ ಅಳತೆಯನ್ನು ಈ ಸೀಮೆಯ ಒಂದು ಸಾಮಾನ್ಯ ಕೋಣೆಗೆ ಹಚ್ಚಿ ನೋಡಬಹುದು. ಉದ್ದ ೨೦ ಅಡಿ, ಅಗಲ ೧೫ ಅಡಿ. ೩೦೦ ಚದರ ಅಡಿ. ಪುಸ್ತಕವೇ ಇಲ್ಲದಿದ್ದರೆ ೧೨ ಮಂದಿ ಕುಳಿತುಕೊಳ್ಳಬಹುದು. ಬೀರುಗಳನ್ನು ನಡುಮನೆಯಲ್ಲಿ ಎರಡು ಸಾಲಾಗಿ ನಿಲ್ಲಿಸಿದರೆ, ನಡುವೆ ಓಡಾಡುವ ದಾರಿಯೂ ಸೇರಿ ಅರ್ಧ ಕೋಣೆ ಹೋಯಿತು. ಆರು ಮಂದಿಗೆ ಎಡೆ ಉಳಿದರೆ ಹೆಚ್ಚು. ಇದರ ಬದಲು ಮೂರು ಗೋಡೆಗಳಿಗೆ ಒಂದು ಅಡಿ ಅಗಲದ ಹಲಗೆಗಳನ್ನು ಐದು ಅಂತಸ್ತಾಗಿ ಹಾಕಿದರೆ ಹೋಗುವುದು ಸುಮಾರು ೫೦ ಚದರ ಅಡಿ ಮಾತ್ರ. ಹತ್ತು ಮಂದಿ ಕುಳಿತುಕೊಳ್ಳುತ್ತಾರೆ. ಕನ್ನಡದ ಪುಸ್ತಕಗಳು ಬಹುಮಟ್ಟಿಗೆ ತೆಳ್ಳಗಿನವು. ಬಾಗಿಲು ಕಿಟಕಿಗಳಿಗೆ ಬಿಟ್ಟ ಎಡೆಯನ್ನು ಕಳೆದರೂ ಸುಮಾರು ೨,೦೦೦ ಪುಸ್ತಕಗಳು ಹಿಡಿಯುತ್ತವೆ. ಒಂದೇ ಕೋಣೆ, ಅವೇ ಪುಸ್ತಕಗಳು. ಬೀರುಗಳನ್ನು ಸರಿಸಿದ ಮಾತ್ರಕ್ಕೆ ನಾಲ್ಕು ಮಂದಿಗೆ ಹೊಸದಾಗಿ ಸ್ಥಳ ದೊರೆಯಿತು. ಗಾಜಿನ ಬಾಗಿಲಿನ ಬೀರುವಿಗೆ ಕೊಡುವ ಹಣವೂ ಉಳಿಯಿತು. ಆ ಬೀರುವಿನ ಬೀಗ ಪುಸ್ತಕವನ್ನು ಕಳ್ಳನಿಂದ ಕಾಪಾಡುವುದಕ್ಕಿಂತ ಹೆಚ್ಚಾಗಿ ಓದುಗನಿಂದಲೇ ಕಾಪಾಡುತ್ತದೆಂಬುದು ಅನುಭವಿಗಳೆಲ್ಲರೂ ಬಲ್ಲ ಮಾತು.

ಹಲಗೆಯ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಶ್ರೀನಿವಾಸಪುರದ ಕಡೆ ಮಾವಿನ ತೋಪುಗಳಿಗೆ ಬರವಿಲ್ಲ. ಹಳೆಯ ಮರ ಅಗ್ಗವಾಗಿ ಸಿಕ್ಕುತ್ತದೆ. ಆದರೆ ಮಾವಿನ ಹಲಗೆಗೆ ಹುಳು ಬೇಗ ಹತ್ತುತ್ತದೆ. ಹಲಗೆಯನ್ನು ತಿಂದದ್ದು ಪುಸ್ತಕವನ್ನು ಬಿಡುವುದಿಲ್ಲ. ತೇಗ ಹೊನ್ನೆಗಳು ದುಬಾರಿ. ಈ ಸೀಮೆಯಲ್ಲಿ ಯಥೇಚ್ಛವಾಗಿರುವುದು ಕಲ್ಲು. ಕಡಪೆಯ ಕಲ್ಲೋ ತೆಳ್ಳಗೆ ಸೀಳಿದ ಚಪ್ಪಡಿಯೋ ಹಲಗೆಯಾದರೆ ಗೆದ್ದಲಿನ ಭಯ ಬಹಳಷ್ಟು ಕಡಮೆ. ಮಳೆಗಾಲದಲ್ಲಿ ಗೋಡೆ ಬೆವರುವ ಮನೆಗಳಲ್ಲಿ ಪುಸ್ತಕದ ಬೆನ್ನಿಗೂ ಗೋಡೆಗೂ ನಡುವೆ ಎರಡು ಬೆರಳಿನ ಸಂದು, ನೆಲಕ್ಕೂ ಕೆಳಗಿನ ಅಂತಸ್ತಿಗೂ ನಡುವೆ ಅರ್ಧ ಅಡಿ ಬಿಟ್ಟಿರಬೇಕು. ಗೆದ್ದಲು ಮೊದಲು ಹತ್ತುವುದು ಆ ಕೆಳಗಿನ ಎಡೆಯಲ್ಲಿಯೇ. ಅಲ್ಲಿ ಪೊರಕೆ ಆಡುವಂತಿದ್ದರೆ ಅದು ಕಣ್ಣಿಗೆ ಬೀಳುತ್ತದೆ.

ಬರ್ಟ್ರಮನ ಎತ್ತರದ ಕಿಟಕಿಗಳು ಇಲ್ಲಿ ಹಾಗೆಯೇ ನಡೆಯಲಾರವು. ಚಪ್ಪಡಿಯ ಮಾಡಿನ ಭಾರವೆಲ್ಲ ಗೋಡೆಯ ಮೇಲಿರುವುದರಿಂದ, ತಿಳಿಯದೆ ಗೋಡೆ ಕೊರೆದವನು ಮಾಡನ್ನೇ ತಲೆಯ ಮೇಲೆ ಎಳೆದುಕೊಂಡಾನು. ಹಂಚಿನ ಮನೆಗಳಿಗೆ ಸುಲಭವಾದ ಉಪಾಯವಿದೆ. ೧೮೬೫ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ತರುವಾಯ ಆ ಹಂಚುಗಳು ಘಟ್ಟದ ಮೇಲೂ ಹರಡಿದುವು. ಅವುಗಳ ನಡುವೆ ನಾಲ್ಕೈದು ಗಾಜಿನ ಹಂಚು ಸೇರಿಸಿದರೆ ಕೋಣೆಯ ನಡುವಿಗೆ ಹಗಲು ಇಳಿಯುತ್ತದೆ. ಅದು ಓದುವವರ ತಲೆಯ ಮೇಲೆ ಇಳಿಯಬೇಕೇ ಹೊರತು ಪುಸ್ತಕದ ಸಾಲಿನ ಮೇಲಲ್ಲ, ಬಿಸಿಲು ಬಿದ್ದ ಕಾಗದ ಹಳದಿಯಾಗಿ ಮುರಿಯುತ್ತದೆ. ಒಳಗೋಡೆಗೆ ವರ್ಷವರ್ಷವೂ ಸುಣ್ಣ ಬಳಿಯುವುದು ಒಂದು ದೀಪವನ್ನು ಹೆಚ್ಚಿಗೆ ಹಚ್ಚಿದಂತೆ. ಕುರ್ಚಿಗೆ ಹಣವಿಲ್ಲದಿದ್ದರೆ ಮಕ್ಕಳಿಗೆ ಚಾಪೆ, ಅದರ ಮುಂದೆ ಹಳೆಯ ಗುಮಾಸ್ತರ ಇಳಿಜಾರು ಮೇಜಿನಂಥದು ಸಾಕು. ಜಗಲಿಯಿದ್ದರೆ ವೃತ್ತಪತ್ರಿಕೆ ಓದುವವರನ್ನೂ ಮಾತನಾಡುವವರನ್ನೂ ಅಲ್ಲಿ ಕೂರಿಸಿ ಒಳಗನ್ನು ಮೌನಕ್ಕೆ ಬಿಡಬಹುದು. ಹಳೆಯವರು ಕಟ್ಟಿಟ್ಟ ಜಗಲಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ಕಾಣದು.

ಹಳೆಯ ಮನೆಯೊಂದು ಪುಸ್ತಕಭಂಡಾರವಾದ ನಿದರ್ಶನ ಮಾಲೂರು ತಾಲ್ಲೂಕಿನಲ್ಲಿಯೇ ಇದೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರಿಗೆ (೧೮೯೧–೧೯೮೬) ಸೇರಿದ ಮಾಸ್ತಿ ಗ್ರಾಮದ ಹಳೆಯ ಮನೆಯನ್ನು ಕರ್ನಾಟಕ ಸರ್ಕಾರದವರು ಪುಸ್ತಕಭಂಡಾರವಾಗಿ ಮಾಡಿ ನಡೆಸುತ್ತಾರೆ. ಇಂತಹ ಮನೆಗಳಿಗೆಲ್ಲ ಒಂದು ಗಂಡಾಂತರವುಂಟು. ದೊಡ್ಡವರು ಬಾಳಿದ ಮನೆಯೆಂದರೆ ಭಾವಚಿತ್ರ, ಪ್ರಶಸ್ತಿ, ಗಾಜಿನ ಪೆಟ್ಟಿಗೆಗಳು ಒಂದೊಂದಾಗಿ ಬಂದು ಕೂರುತ್ತವೆ; ಕೊನೆಗೆ ಓದುವ ಹುಡುಗನು ಬಾಗಿಲಲ್ಲಿ ನಿಲ್ಲುತ್ತಾನೆ. ತಮ್ಮ ಪುಸ್ತಕಗಳನ್ನು ತಾವೇ ಪ್ರಕಟಿಸಿ, ೧೯೪೪ರಿಂದ ಎರಡು ದಶಕ ಕಾಲ ‘ಜೀವನ’ ಪತ್ರಿಕೆಯನ್ನು ನಡೆಸಿ, ಓದುಗರನ್ನು ಒಬ್ಬೊಬ್ಬರನ್ನಾಗಿ ಕೂಡಿಸಿದ ಮಾಸ್ತಿಯವರಿಗೆ ಓದುಗನು ಹೊರಗೆ ನಿಂತ ಸ್ಮಾರಕ ಒಪ್ಪಿಗೆಯಾಗುತ್ತಿರಲಿಲ್ಲ. ಮುಳಬಾಗಿಲಿನಲ್ಲಿ ಹುಟ್ಟಿದ ಡಿ. ವಿ. ಗುಂಡಪ್ಪನವರೂ ಇದೇ ಮನೋಧರ್ಮದವರು. ೧೯೪೫ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಆರಂಭಿಸಿದ ಅವರು ತಮಗೆ ಸನ್ಮಾನರೂಪವಾಗಿ ಬಂದ ನಿಧಿಯನ್ನೂ ಆ ಸಂಸ್ಥೆಗೇ ಒಪ್ಪಿಸಿದರು.

ಈ ಸೀಮೆಗೆ ವಾಚನಾಲಯವು ಬೇರೆ ಕಡೆಗಿಂತ ಹೆಚ್ಚಿನದೊಂದು ಕೆಲಸ ಮಾಡಬೇಕಾಗಿದೆ. ಮುಳಬಾಗಿಲು ಶ್ರೀನಿವಾಸಪುರಗಳ ಎಷ್ಟೋ ಮನೆಗಳಲ್ಲಿ ಆಡುವ ಮಾತು ತೆಲುಗು, ಶಾಲೆಯಲ್ಲಿ ಓದುವುದು ಕನ್ನಡ. ಪಠ್ಯಪುಸ್ತಕವನ್ನು ಬಿಟ್ಟರೆ ಕನ್ನಡದ ಇನ್ನೊಂದು ಪುಸ್ತಕ ಮನೆಯಲ್ಲಿ ಇರಲಾರದು. ಆ ಮಗುವಿಗೆ ಕನ್ನಡವು ಪರೀಕ್ಷೆಯ ಭಾಷೆಯಾಗಿಯೇ ಉಳಿಯುವುದೋ ಕತೆಯ ಭಾಷೆಯೂ ಆಗುವುದೋ ಎಂಬುದು ಬಹುಮಟ್ಟಿಗೆ ಆ ೩೦೦ ಚದರ ಅಡಿಗಳಲ್ಲಿ ತೀರ್ಮಾನವಾಗುತ್ತದೆ. ತೆಲುಗು ಪುಸ್ತಕಗಳಿಗೂ ಅಲ್ಲಿ ಒಂದು ಅಂತಸ್ತು ಕೊಟ್ಟರೆ ಮಗುವಿನ ಜೊತೆಯಲ್ಲಿ ಅಜ್ಜನೂ ಬಂದಾನು.

೧೯೬೫ರಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಶಾಸನವಾಗಿ, ಮರುವರ್ಷ ಅದಕ್ಕೆಂದೇ ಇಲಾಖೆ ಏರ್ಪಟ್ಟಿತು. ಮನೆಗಂದಾಯದ ಜೊತೆಯಲ್ಲಿ ಗ್ರಂಥಾಲಯದ ಕರವೂ ಸೇರಿತು. ಈಗ ಅದು ನೂರಕ್ಕೆ ಆರರಂತೆ ಇದೆ. ಗ್ರಾಮಪಂಚಾಯಿತಿಗಳ ಗ್ರಂಥಾಲಯಗಳು ೨೦೧೯ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಯ ವಶಕ್ಕೆ ಬಂದುವು. ೨೦೨೦ರ ನವೆಂಬರಿನಲ್ಲಿ ‘ಓದುವ ಬೆಳಕು’ ಎಂಬ ಹೆಸರಿನಲ್ಲಿ ೬ರಿಂದ ೧೮ ವರ್ಷದ ಮಕ್ಕಳಿಗೆ ಅಲ್ಲಿ ಶುಲ್ಕವಿಲ್ಲದೆ ಸದಸ್ಯತ್ವ ಕೊಡುವ ಕ್ರಮ ಆರಂಭವಾಯಿತು. ಪಂಚಾಯಿತಿಯ ಕಟ್ಟಡದ ಒಂದು ಪಾರ್ಶ್ವ, ಹಳೆಯ ಶಾಲೆಯ ಕೋಣೆ, ಸಮುದಾಯ ಭವನದ ಮೂಲೆ, ಇವೇ ಅವುಗಳ ಮನೆಗಳು. ಅನೇಕ ಕಡೆ ಗೋಡೆಗೆ ಬಣ್ಣ ಬಂದಿದೆ, ಚಿತ್ರಗಳು ಬಂದಿವೆ, ನೋಡಲು ಸೊಗಸಾಗಿದೆ.

ಬಣ್ಣದ ಮೊಬಲಗು ಒಂದು ಸಲದ್ದು. ಬಾಗಿಲು ತೆರೆಯುವವನ ಸಂಬಳ ಪ್ರತಿ ತಿಂಗಳಿನದು. ಆದಕಾರಣ ಅದನ್ನೇ ಮೊದಲು ಹಿಡಿಯುವುದು ರೂಢಿಯಾಗಿದೆ. ಹತ್ತು ಮಂದಿ ಕೂರುವ ಕೋಣೆ ದಿನಕ್ಕೆ ಎರಡು ಗಂಟೆ ತೆರೆದಿದ್ದರೆ ಗಂಟೆಗೊಬ್ಬರಂತೆ ಇಪ್ಪತ್ತು ಮಂದಿಗೆ ಎಡೆಯಾಯಿತು. ಆರು ಗಂಟೆ ತೆರೆದಿದ್ದರೆ ಅರುವತ್ತು ಮಂದಿಗೆ. ಒಂದು ಇಟ್ಟಿಗೆಯನ್ನೂ ಇಡದೆ ಕೋಣೆ ಮೂರರಷ್ಟಾಯಿತು. ಅದರಲ್ಲಿಯೂ ಸಂಜೆಯ ಎರಡು ಗಂಟೆಗಳು, ಶಾಲೆ ಬಿಟ್ಟ ಮಕ್ಕಳಿಗೂ ಹೊಲದಿಂದ ಮರಳಿದವರಿಗೂ ಒದಗುವ ಎರಡು ಗಂಟೆಗಳು, ಹಗಲಿನ ನಾಲ್ಕಕ್ಕೆ ಸಮ. ಇನ್ನೊಂದು ಕೋಣೆ ಕಟ್ಟಿಸಬೇಕೆಂದು ಮನವಿ ಬರೆಯುವ ಊರಿನವರು ಅದಕ್ಕೆ ಮೊದಲು, ಇದ್ದ ಕೋಣೆಯ ಬೀಗದ ಕೈ ಸಂಜೆ ಐದರ ಮೇಲೆ ಯಾರ ಬಳಿ ಇರುತ್ತದೆಂದು ವಿಚಾರಿಸಿ ನೋಡಬೇಕು.