ಸುದ್ದಿಗೂ ಒಂದು ಹೋರಾಟ

ನಮ್ಮ ಜನ ಪತ್ರಿಕೆಯಲ್ಲಿ ಯಾವಾಗ ಬರುತ್ತಾರೆ? ಸತ್ತಾಗ ಬರುತ್ತಾರೆ. ಗುಡಿಸಲು ಸುಟ್ಟಾಗ ಬರುತ್ತಾರೆ. ಪೊಲೀಸರು ವ್ಯಾನಿಗೆ ತುಂಬಿದಾಗ ಬರುತ್ತಾರೆ. ಬದುಕಿರುವಾಗ, ನೆಟ್ಟಗೆ ನಿಂತು ‘ಇದು ಬೇಕು, ಇದು ಬೇಡ’ ಅಂದರೆ ಮಾತ್ರ ಯಾರಿಗೂ ಕೇಳಿಸೋದಿಲ್ಲ. ಅದಕ್ಕೇ ನೆಲಕ್ಕಾಗಿ ಹೋರಾಡುವವರು ಸುದ್ದಿಗಾಗಿಯೂ ಹೋರಾಡಬೇಕಾಗಿ ಬಂದಿದೆ. ಈ ಎರಡನೆಯ ಹೋರಾಟಕ್ಕೂ ಒಂದು ಚರಿತ್ರೆಯಿದೆ.

1920ರ ಜನವರಿ 31ರಂದು ಅಂಬೇಡ್ಕರ್ ‘ಮೂಕನಾಯಕ’ ಪತ್ರಿಕೆ ಹೊರತಂದರು. ದುಡ್ಡು ಕೊಡುತ್ತೇವೆಂದರೂ ಪುಣೆಯ ‘ಕೇಸರಿ’ ಅದರ ಜಾಹೀರಾತು ಹಾಕಲಿಲ್ಲ. ನಮ್ಮ ನಾಡಿಗೆ ಬನ್ನಿ. 1973ರ ನವೆಂಬರ್ 19ರಂದು ಮೈಸೂರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಆ ಒಂದು ಪದ ಊರೂರಿಗೆ ಹಬ್ಬಿತು. ಸುತ್ತ ಇದ್ದ ಮಾತೆಲ್ಲ ಉದುರಿಹೋಯಿತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಡಿಸೆಂಬರಿನಲ್ಲಿ ಬಸವಲಿಂಗಪ್ಪನವರು ರಾಜೀನಾಮೆ ಕೊಡಬೇಕಾಯಿತು. ಆ ಪೆಟ್ಟು ತಿಂದ ತಲೆಮಾರು ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿತು, ‘ಪಂಚಮ’ದಂಥ ತನ್ನದೇ ಪತ್ರಿಕೆ ಮಾಡಿಕೊಂಡಿತು.

ನಮ್ಮ ಪತ್ರಿಕೆ ನಮಗೆ ಬೇಕು, ಅನುಮಾನವಿಲ್ಲ. ಆದರೆ ಅದನ್ನು ಓದುವವರು ಬಹುತೇಕ ನಾವೇ. ತಹಶೀಲ್ದಾರರು ಓದುವುದಿಲ್ಲ, ಮಂತ್ರಿಗಳು ಓದುವುದಿಲ್ಲ. ಅವರು ಓದುವ ಪತ್ರಿಕೆಯೊಳಕ್ಕೆ ನಮ್ಮ ಮಾತು ಹೋಗೋದು ಹೇಗೆ? ಇದನ್ನು ಕಲಿಯಲು ದೂರ ಹೋಗಬೇಕಾಗಿಲ್ಲ, ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿ ಸಾಕು.

ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನ ಇಳಿಯತೊಡಗಿದ ಮೇಲೆ ಸುತ್ತಲಿನ ಹೊಲಕ್ಕೆಲ್ಲ ಕಣ್ಣು ಬಿತ್ತು. 2022ರಲ್ಲಿ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಈ ಹೋಬಳಿಯ 13 ಹಳ್ಳಿಗಳ 1,777 ಎಕರೆಗೆ ನೋಟಿಸು ಕೊಟ್ಟಿತು. ಹರಳೂರು, ಪೋಲನಹಳ್ಳಿ, ಮಟ್ಟಿಬಾರ್ಲು, ಹ್ಯಾಡಾಳ, ನಲ್ಲೂರು ಈ ಸಾಲಿನ ಊರುಗಳು. ರಾಗಿ, ದ್ರಾಕ್ಷಿ, ತರಕಾರಿ, ರೇಷ್ಮೆ, ಹಾಲು ಕೊಡುವ ನೆಲ. ಹಿಡುವಳಿ ಸಣ್ಣವು, ದಲಿತ ಕುಟುಂಬಗಳ ನೆಲವೂ ಅದರಲ್ಲಿತ್ತು. ಏಪ್ರಿಲ್ 4ರಂದು ರೈತರು ಧರಣಿ ಕೂತರು.

ಕೂತವರ ಕಷ್ಟ ಇದು: ಮೊದಲ ದಿನದ ಧರಣಿ ಸುದ್ದಿ, ಹತ್ತನೆಯ ದಿನದ್ದು ನಾಲ್ಕು ಸಾಲು, ನೂರನೆಯದು ಹಳಸಲು. ಗ್ರಾಮಾಂತರ ಜಿಲ್ಲೆಯ ಪುಟದಲ್ಲಿ ಬಂದ ಸುದ್ದಿಯನ್ನು ಜಿಲ್ಲೆಯವರು ಓದುತ್ತಾರೆ. ನಲವತ್ತು ಕಿಲೋಮೀಟರ್ ಆಚೆಯ ವಿಧಾನಸೌಧಕ್ಕೆ ಅದು ಮುಟ್ಟುವುದಿಲ್ಲ. ಸರ್ಕಾರದ ಮಾತು ಮಾತ್ರ ತಾನಾಗೇ ಮುಟ್ಟುತ್ತದೆ. ‘ಭೂಸ್ವಾಧೀನ’, ‘ಅಭಿವೃದ್ಧಿ’, ‘ಏರೋಸ್ಪೇಸ್ ಪಾರ್ಕ್’ — ಪದಗಳೂ ಅವರವೇ. ವರದಿಗಾರ ಆ ಪದಗಳಲ್ಲಿ ಬರೆದರೆ ಅರ್ಧ ಹೋರಾಟ ಅಲ್ಲೇ ಸೋತಂತೆ.

ಚನ್ನರಾಯಪಟ್ಟಣದವರು ಇದಕ್ಕೆ ಎದುರಾಗಿ ಇಟ್ಟಿದ್ದು ಲೆಕ್ಕವನ್ನು. ಎಷ್ಟು ಹಳ್ಳಿ, ಎಷ್ಟು ಎಕರೆ, ಎಷ್ಟನೇ ದಿನ. ಕೂಗಿದ ಘೋಷಣೆಯನ್ನು ಉಪಸಂಪಾದಕ ಕತ್ತರಿಸಬಹುದು, ‘ಸಾವಿರ ದಿನದಿಂದ ಕೂತಿದ್ದಾರೆ’ ಅನ್ನೋದನ್ನು ಕತ್ತರಿಸೋದು ಕಷ್ಟ. ದಿನ ಕಳೆದಷ್ಟೂ ಹಳಸಬೇಕಾಗಿದ್ದ ಸುದ್ದಿ ದಿನ ಕಳೆದಷ್ಟೂ ತೂಕ ಪಡೆಯಿತು. ಇನ್ನೊಂದು ಲೆಕ್ಕವೂ ಇತ್ತು. ವಿರೋಧ ಪಕ್ಷದ ನಾಯಕರಾಗಿದ್ದಾಗ ಸಿದ್ದರಾಮಯ್ಯನವರು ಈ ರೈತರ ಪರ ಮಾತಾಡಿದ್ದರು. 2023ರಲ್ಲಿ ಅವರೇ ಮುಖ್ಯಮಂತ್ರಿಯಾದರು. ಆಡಿದ ಮಾತನ್ನು ರೈತರು ಮರೆಯಲಿಲ್ಲ, ಮರೆಯಲು ಬಿಡಲೂ ಇಲ್ಲ.

2025ರ ಜೂನ್ 25ರಂದು ‘ದೇವನಹಳ್ಳಿ ಚಲೋ’ ನಡೆಯಿತು. ರೈತ, ದಲಿತ, ಕಾರ್ಮಿಕ ಸಂಘಟನೆಗಳು ಒಂದಾಗಿ ಬಂದವು, ನಟ ಪ್ರಕಾಶ್ ರಾಜ್ ಬಂದರು. ಪೊಲೀಸರು ಹಿಡಿದು ವ್ಯಾನಿಗೆ ತುಂಬಿದರು. ಹೋರಾಟ ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಹೋಯಿತು, ಜಿಲ್ಲಾ ಪುಟದ ಸುದ್ದಿ ರಾಜಧಾನಿಯ ಸುದ್ದಿಯಾಯಿತು. ಬಂಧನದಿಂದಲೇ ಎಲ್ಲ ಆಯಿತು ಅಂತ ತಿಳಿಯಬಾರದು. ಅವತ್ತು ಓಡಿಬಂದ ವರದಿಗಾರರಿಗೆ ಹೇಳಲು ಮೂರು ವರ್ಷದ ಲೆಕ್ಕ ಕೈಯಲ್ಲಿತ್ತು. ಅದಿಲ್ಲದಿದ್ದರೆ ಅದೂ ಒಂದು ದಿನದ ಗಲಾಟೆ ಸುದ್ದಿಯಾಗಿ ಮುಗಿಯುತ್ತಿತ್ತು. ಜುಲೈ 15ರಂದು, 1,198 ದಿನಗಳಾದಾಗ, ಭೂಸ್ವಾಧೀನ ಕೈಬಿಟ್ಟಿದ್ದೇವೆಂದು ಮುಖ್ಯಮಂತ್ರಿ ಘೋಷಿಸಿದರು. ತಾವಾಗಿ ಕೊಡುವವರ ಜಮೀನು ತೆಗೆದುಕೊಳ್ಳುತ್ತೇವೆ ಅನ್ನೋ ಮಾತನ್ನೂ ಅದರ ಜೊತೆಗೇ ಸೇರಿಸಿದರು.

ಗೆಳೆಯರೇ, ನಮ್ಮ ಹಳ್ಳಿಗಳಲ್ಲಿ ಓದು ಬಲ್ಲ ಹುಡುಗ ಹುಡುಗಿಯರಿದ್ದಾರೆ, ಮೇಷ್ಟ್ರುಗಳಿದ್ದಾರೆ. ಪ್ರತಿ ಹೋರಾಟಕ್ಕೂ ಒಂದು ನೋಟ್‌ಬುಕ್ ಇರಲಿ. ದಿನ, ಊರು, ಸರ್ವೆ ನಂಬರು, ಯಾರು ಬಂದರು, ಏನು ಮಾತು ಕೊಟ್ಟರು — ಅವತ್ತಿನದು ಅವತ್ತೇ ಬರೆಯಿರಿ. ಪತ್ರಿಕೆಗೆ ಕೊಡುವ ಹೇಳಿಕೆ ಒಂದು ಹಾಳೆ ಮೀರದಿರಲಿ. ಬೇಡಿಕೆ ಮೊದಲ ಸಾಲಿನಲ್ಲೇ ಇರಲಿ, ಮುಖಂಡರ ಹೆಸರಿನ ಪಟ್ಟಿ ಕೊನೆಗೆ ಹೋಗಲಿ. ನೆಲ ಉಳುವ ಹೆಂಗಸಿನ ಮಾತು ಅವಳ ಮಾತಿನಲ್ಲೇ ಇರಲಿ. ಹೊತ್ತು ಮುಳುಗೋದಕ್ಕೆ ಮುಂಚೆ ತಾಲ್ಲೂಕಿನ ವರದಿಗಾರರಿಗೆ ಮುಟ್ಟಿಸಿ. ಬರಲಿಲ್ಲವೇ, ನಾಳೆ ಮತ್ತೆ ಕೊಡಿ.

ಆ ಜುಲೈ ತಿಂಗಳನ್ನು ಎರಡು ಥರ ಬರೆಯಬಹುದು: ಸರ್ಕಾರ ನೆಲ ಬಿಟ್ಟುಕೊಟ್ಟಿತು ಅಂತ, ಇಲ್ಲವೇ ರೈತರು ನೆಲ ಉಳಿಸಿಕೊಂಡರು ಅಂತ. ಮೊದಲನೆಯದನ್ನು ಬರೆಯಲು ಸರ್ಕಾರದ ವಾರ್ತಾ ಇಲಾಖೆಯಿದೆ. ಎರಡನೆಯದನ್ನು ನಾವೇ ಬರೆಯಬೇಕು.