ಗೋಡೆಗಳ ನಡುವೆ ಬೆಳೆದ ಊರು: ಸಿ.ವಿ. ರಾಮನ್ ನಗರ

ನಕ್ಷೆ ನೋಡಿದರೆ ಬೆಂಗಳೂರಿನ ಸಿ.ವಿ. ರಾಮನ್ ನಗರಕ್ಕೆ ದಾರಿಯ ಬರವಿಲ್ಲ. ಬಡಗಲಲ್ಲಿ ಹಳೇ ಮದ್ರಾಸ್ ರಸ್ತೆ, ಪಡುವಲಲ್ಲಿ ಸುರಂಜನ್ ದಾಸ್ ರಸ್ತೆ, ಮೂಡಲಲ್ಲಿ ಹೊಸೂರಿನ ರೈಲು ಹಳಿ, ಮೂಲೆಯಲ್ಲಿ ಬೈಯಪ್ಪನಹಳ್ಳಿ ಮೆಟ್ರೊ. ಆದರೂ ಬೆಳಿಗ್ಗೆ ಕಗ್ಗದಾಸಪುರ ಮುಖ್ಯರಸ್ತೆಯಲ್ಲಿ ಸಿಕ್ಕಿಕೊಂಡವರಿಗೆ ಅಕ್ಕಪಕ್ಕದ ಬಡಾವಣೆಯೂ ದೂರದೂರೇ.

ಬೈರಸಂದ್ರ, ನಾಗವಾರಪಾಳ್ಯ, ಕಗ್ಗದಾಸಪುರ, ಮಲ್ಲೇಶಪಾಳ್ಯ, ತಿಪ್ಪಸಂದ್ರ ಇಲ್ಲಿನ ಹಳೆಯ ಹಳ್ಳಿಗಳು. ಇವುಗಳ ಬೀದಿಗಳು ಕೆರೆಗೆ, ಹೊಲಕ್ಕೆ, ಗುಡಿಗೆ ಹೋಗಿಬರಲು ಸಾಕಾಗುವಷ್ಟು ಅಗಲದವು. 1940ರಲ್ಲಿ ದಕ್ಷಿಣಕ್ಕೆ ವಿಮಾನ ಕಾರ್ಖಾನೆ ಬಂತು. ಮುಂದೆ ರಕ್ಷಣಾ ಸಂಶೋಧನಾಲಯಗಳು ನೆಲೆಯೂರಿದವು; 1958ರಲ್ಲಿ ಹುಟ್ಟಿದ ರಾಡಾರ್ ಪ್ರಯೋಗಾಲಯ ಎಲ್‌ಆರ್‌ಡಿಇ ಅವುಗಳಲ್ಲೊಂದು. ವಿಜ್ಞಾನಿಗಳ ಈ ನೆಲೆಗೆ 1930ರ ನೊಬೆಲ್ ವಿಜೇತ ರಾಮನ್ ಅವರ ಹೆಸರು ಚೆನ್ನಾಗಿಯೇ ಒಪ್ಪಿತು. ಪಕ್ಕದ ರಸ್ತೆಗೆ ಹೆಸರು ಕೊಟ್ಟ ಸುರಂಜನ್ ದಾಸ್ ಪರೀಕ್ಷಾ ಪೈಲಟ್. 1970ರ ಜನವರಿ 10ರಂದು ಮಾರುತ್ ಯುದ್ಧವಿಮಾನದ ಅಪಘಾತದಲ್ಲಿ ತೀರಿಕೊಂಡವರು.

ರಕ್ಷಣಾ ಆವರಣದೊಳಗೆ ಸಾರ್ವಜನಿಕರು ಹಾದುಹೋಗುವಂತಿಲ್ಲ. ಹಾಗಾಗಿ ಓಡಾಟವೆಲ್ಲ ಗೋಡೆ ಬಳಸಿಕೊಂಡು ಹಳ್ಳಿಬೀದಿಗಳ ಮೇಲೇ ಬಿತ್ತು. ಬೈರಸಂದ್ರದ ಪಕ್ಕ ಬಾಗ್ಮನೆ ಟೆಕ್ ಪಾರ್ಕ್ ಎದ್ದ ಮೇಲೆ ಸಾವಿರಾರು ನೌಕರರ ಬಸ್ಸು, ಕ್ಯಾಬು, ಸ್ಕೂಟರುಗಳಿಗೂ ಆಸರೆಯಾದದ್ದು ಇವೇ ಇಕ್ಕಟ್ಟಿನ ದಾರಿಗಳು.

ಕಗ್ಗದಾಸಪುರದ ರೈಲ್ವೆ ಗೇಟಿನದು ಇನ್ನೊಂದು ಕಥೆ. ಹಳಿಯಾಚೆ ಮಹದೇವಪುರ, ಹೊರ ವರ್ತುಲ ರಸ್ತೆಯ ಕಡೆ. ಗೇಟು ಬಿದ್ದರೆ ಎರಡೂ ಬದಿಯಲ್ಲಿ ಸಾಲು ಬೆಳೆಯುತ್ತದೆ. ತೆಗೆದ ಕ್ಷಣ ಎದುರುಬದುರು ನುಗ್ಗಿದ ವಾಹನಗಳು ಹಳಿಯ ಮೇಲೇ ಮುಖಾಮುಖಿಯಾಗುತ್ತವೆ. ಇಲ್ಲಿ ಮೇಲ್ಸೇತುವೆ ಬೇಕೆಂಬ ಕೂಗು ಹಳೆಯದು.

ಮೆಟ್ರೊ ಮಾತ್ರ ಬೇಗನೇ ಬಂತು. 2011ರ ಅಕ್ಟೋಬರ್ 20ರಂದು ನಗರದ ಮೊದಲ ರೈಲು ಓಡಿದ್ದೇ ಬೈಯಪ್ಪನಹಳ್ಳಿ ಮತ್ತು ಎಂ.ಜಿ. ರಸ್ತೆಯ ನಡುವೆ. ಕೆ.ಆರ್. ಪುರದವರೆಗಿನ ಕೊಂಡಿ ಕೂಡಲು 2023ರ ಅಕ್ಟೋಬರ್ 9 ಬರಬೇಕಾಯಿತು. ನಿಲ್ದಾಣ ಹತ್ತಿರವಿದ್ದರೂ ಅಲ್ಲಿಗೆ ನಡೆದು ಹೋಗುವುದೇ ಸಾಹಸ. ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿಯಂತೆ ಪಾದಚಾರಿ ಮಾರ್ಗದಲ್ಲಿ ಅಡ್ಡಿಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು, ಅಂಚಿನ ಎತ್ತರ 150 ಮಿಲಿಮೀಟರ್ ಮೀರಬಾರದು. ಟ್ರಾನ್ಸ್‌ಫಾರ್ಮರ್, ನಿಲ್ಲಿಸಿದ ಬೈಕು, ಕಿತ್ತ ಚಪ್ಪಡಿಗಳ ನಡುವೆ ಆ ಅಳತೆ ಸಿಗುವುದು ಅಪರೂಪ. ಜನ ಡಾಂಬರಿಗಿಳಿದು ಬಸ್ಸಿನ ಪಕ್ಕದಲ್ಲೇ ನಡೆಯುತ್ತಾರೆ.

ಎಲ್ಲ ಪರಿಹಾರಕ್ಕೂ ಗೋಡೆ ಒಡೆಯಬೇಕಿಲ್ಲ. ಜನರೂ ವಾಹನಗಳೂ ಬೆರೆಯುವ ಬೀದಿಗಳಲ್ಲಿ ವೇಗ ಗಂಟೆಗೆ 30 ಕಿಲೋಮೀಟರಿಗೆ ನಿಲ್ಲಬೇಕೆಂದು 2020ರ ಸ್ಟಾಕ್‌ಹೋಮ್ ಘೋಷಣೆ ಹೇಳಿತು. ಅಡ್ಡರಸ್ತೆಗಳ ಬಾಯಲ್ಲಿ ಎತ್ತರಿಸಿದ ದಾಟುದಾರಿ, ಶಾಲೆಗಳ ಮುಂದೆ ಉಬ್ಬು, ಮೆಟ್ರೊದಿಂದ ಒಳಬಡಾವಣೆಗಳಿಗೆ ಸಣ್ಣ ಬಸ್ಸು: ಇವು ಇದ್ದ ಅಗಲದಲ್ಲೇ ಆಗುವಂಥವು. ಗೇಟಿಗೆ ಮಾತ್ರ ಇಂಥ ಸುಲಭದ ಉಪಾಯವಿಲ್ಲ. ಬೈಯಪ್ಪನಹಳ್ಳಿ–ಹೊಸೂರು ನಡುವಿನ 48 ಕಿಲೋಮೀಟರ್ ಹಳಿಯನ್ನು ಜೋಡಿಮಾರ್ಗ ಮಾಡುವ ಯೋಜನೆಯನ್ನು ರೈಲು ಮೂಲಸೌಕರ್ಯ ಸಂಸ್ಥೆ ಕೆ-ರೈಡ್ ಕೈಗೆತ್ತಿಕೊಂಡಿದೆ. ರೈಲುಗಳು ಹೆಚ್ಚಿದಷ್ಟೂ ಕಗ್ಗದಾಸಪುರದಲ್ಲಿ ಕಾಯುವವರ ಸಾಲು ಉದ್ದವಾಗಲಿದೆ.