ಸಿದ್ದಿ ಜನಾಂಗ: ಸಮುದಾಯದ ಗುರುತು ಮತ್ತು ಮಾನಸಿಕ ಸ್ವಾಸ್ಥ್ಯ

ಪೀಠಿಕೆ

ವ್ಯಕ್ತಿಯ ಮಾನಸಿಕ ಸ್ವಾಸ್ಥ್ಯವು ದೇಹಾರೋಗ್ಯ ಹಾಗೂ ಆದಾಯವನ್ನು ಮಾತ್ರ ಅವಲಂಬಿಸಿರುವುದಿಲ್ಲ. ತಾನು ಯಾರಿಗೆ ಸೇರಿದವನು ಎಂಬ ಅರಿವೂ ಅದಕ್ಕೆ ಆಧಾರವಾಗಿರುತ್ತದೆ. ಹೆನ್ರಿ ತಾಜ್‌ಫೆಲ್ ಮತ್ತು ಜಾನ್ ಟರ್ನರ್ ಅವರು 1979ರಲ್ಲಿ ಮಂಡಿಸಿದ ಸಾಮಾಜಿಕ ಗುರುತಿನ ಸಿದ್ಧಾಂತದಂತೆ, ಒಂದು ಗುಂಪಿಗೆ ಸಮಾಜವು ನೀಡುವ ಸ್ಥಾನಮಾನವು ಅದರ ಸದಸ್ಯರ ಆತ್ಮಗೌರವದ ಮೇಲೆ ಪರಿಣಾಮ ಬೀರುತ್ತದೆ.

ಹಿನ್ನೆಲೆ

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಮುಂತಾದ ತಾಲ್ಲೂಕುಗಳಲ್ಲಿ ಹಾಗೂ ಧಾರವಾಡ, ಬೆಳಗಾವಿ ಜಿಲ್ಲೆಗಳಲ್ಲಿ ಸಿದ್ದಿ ಜನಾಂಗದವರು ವಾಸವಾಗಿರುತ್ತಾರೆ. ಇವರ ಪೂರ್ವಜರು ಆಫ್ರಿಕಾ ಮೂಲದವರಾಗಿದ್ದು, ಅವರಲ್ಲಿ ಹಲವರನ್ನು ಪೋರ್ಚುಗೀಸರು ಗೋವೆಗೆ ಗುಲಾಮರನ್ನಾಗಿ ತಂದಿದ್ದರು. ಶತಮಾನಗಳಿಂದ ಈ ನಾಡಿನವರೇ ಆಗಿದ್ದರೂ, ಮುಖಚರ್ಯೆ ಮತ್ತು ಕೂದಲನ್ನು ಕಂಡು ಇವರನ್ನು ಪರದೇಶದವರೆಂದು ಭಾವಿಸುವುದುಂಟು. ಇಂತಹ ಅನುಭವವು ಮರುಕಳಿಸಿದಲ್ಲಿ, ವಿಶೇಷವಾಗಿ ಶಾಲಾ ಮಕ್ಕಳಲ್ಲಿ ಸಂಕೋಚ ಹಾಗೂ ಕೀಳರಿಮೆ ಮೂಡುವ ಸಂಭವವಿರುತ್ತದೆ.

ಸಮುದಾಯ ಪ್ರಜ್ಞೆಯ ಅಂಶಗಳು

ಮ್ಯಾಕ್‌ಮಿಲನ್ ಮತ್ತು ಚಾವಿಸ್ ಅವರು 1986ರಲ್ಲಿ ಸಮುದಾಯ ಪ್ರಜ್ಞೆಯ ನಾಲ್ಕು ಅಂಶಗಳನ್ನು ಗುರುತಿಸಿರುತ್ತಾರೆ.

1. ಸದಸ್ಯತ್ವ: ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ ಹಾಗೂ ಕ್ರೈಸ್ತ ಧರ್ಮೀಯರಿದ್ದು, ಧರ್ಮ ಬೇರೆಯಾದರೂ ಸಿದ್ದಿ ಎಂಬ ಗುರುತು ಸಮಾನವಾಗಿದೆ.
2. ಪ್ರಭಾವ: 2020ರಲ್ಲಿ ಶ್ರೀ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಶಾಸನಸಭೆ ಪ್ರವೇಶಿಸಿದ ಈ ಜನಾಂಗದ ಮೊದಲಿಗರು ಇವರು.
3. ಅಗತ್ಯಗಳ ಪೂರೈಕೆ: ಉತ್ತರ ಕನ್ನಡದ ಸಿದ್ದಿಗಳನ್ನು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಲಾಯಿತು. 2020ರಲ್ಲಿ ಇದನ್ನು ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳಿಗೂ ವಿಸ್ತರಿಸಲಾಯಿತು.
4. ಭಾವನಾತ್ಮಕ ಬೆಸುಗೆ: ಡಮಾಮಿ ವಾದ್ಯ ಮತ್ತು ನೃತ್ಯ, ಹಿರಿಯರ ಆರಾಧನೆ, ಹಳೆಯ ಬಟ್ಟೆಯ ತುಂಡುಗಳಿಂದ ಮಹಿಳೆಯರು ಹೊಲಿಯುವ ಕೌದಿ ಇವು ತಲೆಮಾರುಗಳನ್ನು ಬೆಸೆಯುತ್ತವೆ.

ಇತರೆಡೆಯ ಅನುಭವ

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಮೂಲನಿವಾಸಿಗಳನ್ನು ಕುರಿತು ಚಾಂಡ್ಲರ್ ಮತ್ತು ಲಲೋಂಡ್ ಅವರು 1998ರಲ್ಲಿ ಪ್ರಕಟಿಸಿದ ಅಧ್ಯಯನವು ಗಮನಾರ್ಹವಾಗಿದೆ. ಸ್ವಂತ ಆಡಳಿತ, ಭೂಮಿಯ ಹಕ್ಕು, ಶಿಕ್ಷಣ ಹಾಗೂ ಆರೋಗ್ಯ ಸೇವೆಗಳ ಮೇಲೆ ಹಿಡಿತ ಮತ್ತು ಸಾಂಸ್ಕೃತಿಕ ಕೇಂದ್ರಗಳನ್ನು ಹೊಂದಿದ್ದ ಸಮುದಾಯಗಳಲ್ಲಿ ಯುವಜನರ ಆತ್ಮಹತ್ಯೆಯ ಪ್ರಮಾಣವು ಕಡಿಮೆಯಿರುವುದು ಕಂಡುಬಂದಿತು. ಹಾಡು ಕುಣಿತಗಳಿಗೆ ವೇದಿಕೆ ನೀಡಿದ ಮಾತ್ರಕ್ಕೆ ಸ್ವಾಸ್ಥ್ಯ ದೊರೆಯುವುದಿಲ್ಲ. ತಮ್ಮ ಬದುಕಿನ ನಿರ್ಧಾರಗಳಲ್ಲಿ ಪಾಲು ದೊರೆಯುವುದೂ ಅವಶ್ಯಕ ಎಂಬುದು ಇದರಿಂದ ತಿಳಿದುಬರುತ್ತದೆ.

ಗಮನಿಸಬೇಕಾದ ಅಂಶಗಳು

• ಮೈಬಣ್ಣ, ಕೂದಲು ಅಥವಾ ಮಾತಿನ ರೀತಿಯನ್ನು ಕುರಿತ ಹಾಸ್ಯವನ್ನು ಶಿಕ್ಷಕರು ಹಾಗೂ ವಸತಿ ನಿಲಯದ ಮೇಲ್ವಿಚಾರಕರು ಆರಂಭದಲ್ಲಿಯೇ ತಡೆಯತಕ್ಕದ್ದು.
• ಮಗುವು ಮೌನವಾಗುವುದು, ಕಾರಣವಿಲ್ಲದೆ ಶಾಲೆ ಬಿಡುವುದು ಕಂಡುಬಂದಲ್ಲಿ ಪೋಷಕರೊಡನೆ ಮಾತನಾಡುವುದು ಸೂಕ್ತ.
• ಮಾನಸಿಕ ತೊಂದರೆಯಿರುವವರು ಟೆಲಿ ಮನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದಾಗಿದೆ.